ಬೀದಿ ಮೂಲೆಯ ತಬಲ

ಹೋದ ಬೇಸಿಗೆಯಲ್ಲಿ ಶಾಲಾ ಮೇಷ್ಟ್ರುಗಳಿಗೆ ಅಂತ ಒಂದು ಸಂಗೀತ ಶಿಬಿರ ನಡೆಯಿತು. ಊಟದ ಬಿಡುವು. ನಾನು ಮೊಬೈಲಿನಲ್ಲಿ ಒಂದು ಹಳೇ ರೆಕಾರ್ಡು ಹಾಕಿಕೊಂಡು ಕೂತಿದ್ದೆ. ಅಮೆರಿಕದ ಕರಿಯರ ಜಾಝ್, ಅದರೊಳಗೆ ತಬಲ. ಎರಡು ನಿಮಿಷ ಆಗಿರಬಹುದು. ಪಾಠ ಹೇಳಲು ಬಂದಿದ್ದ ಹಿರಿಯರೊಬ್ಬರು ಮುಖ ಸಿಂಡರಿಸಿ, 'ತಬಲಾನೂ ಮೈಲಿಗೆ ಮಾಡಿಟ್ರಲ್ಲಪ್ಪ' ಅಂದರು. ಸುತ್ತ ಇದ್ದವರು ನಕ್ಕರು. ತಮಾಷೆಗೇ ಅಂದಿದ್ದಿರಬೇಕು. ನನಗೆ ಮಾತ್ರ ತುತ್ತು ಗಂಟಲಲ್ಲಿ ನಿಂತುಹೋಯಿತು.

ತಬಲಕ್ಕೆ ಮೈಲಿಗೆ! ಆಡಿನ ಚರ್ಮ ಸುಲಿದು, ಕೂದಲು ಹೆರೆದು, ಹದ ಮಾಡಿ, ಮರದ ಬಾಯಿಗೆ ಬಿಗಿದ ವಾದ್ಯ ಅದು. ಬಿಗಿಯೋ ಬಾರೂ ಚರ್ಮದ್ದೇ. ನಡುವೆ ಇರುವ ಕಪ್ಪು ಬೊಟ್ಟು ಕಬ್ಬಿಣದ ಪುಡಿ, ಹಿಟ್ಟು ಕಲಸಿ ಉಜ್ಜಿ ಉಜ್ಜಿ ಕೂರಿಸಿದ್ದು. ಸತ್ತ ಪ್ರಾಣಿಯ ಮೈಯಿಂದ ಹುಟ್ಟಿದ ಈ ವಾದ್ಯ ಮಡಿ ಆದದ್ದು ಯಾವಾಗ? ಅದರ ಮೈಲಿಗೆ ತೊಳೆದು ವೇದಿಕೆಗೆ ಹತ್ತಿಸಿದವರು ಯಾರು? ಈಗ ಮತ್ತೆ ಮೈಲಿಗೆ ಆಯ್ತು ಅಂದರೆ, ಯಾರ ಮೈ ತಾಗಿದ್ದಕ್ಕೆ? ಇದನ್ನೆಲ್ಲ ಅವತ್ತು ಆ ಹಿರಿಯರಿಗೆ ಕೇಳಲಿಲ್ಲ. ಕೇಳಬೇಕಿತ್ತು. ಕೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ ಅಂತಲೇ ಗೆಳೆಯರು ತಿಳಿದುಕೊಳ್ಳಬಹುದು.

ಆ ರೆಕಾರ್ಡಿನ ಹೆಸರು 'ಆನ್ ದ ಕಾರ್ನರ್'. ಬೀದಿ ಮೂಲೆಯಲ್ಲಿ ಅಂತ ಅರ್ಥ. 1972ರ ಜೂನ್, ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಂಪನಿಯ ಸ್ಟುಡಿಯೋದಲ್ಲಿ ಮುದ್ರಣವಾಗಿ ಅದೇ ಅಕ್ಟೋಬರಿನಲ್ಲಿ ಹೊರಬಂತು. ಟ್ರಂಪೆಟ್ಟಿನವನು ಮೈಲ್ಸ್ ಡೇವಿಸ್. ತಬಲದವನು ಬಾದಲ್ ರಾಯ್. ಮೈಲ್ಸ್ ಬಗ್ಗೆ ರಾಶಿ ರಾಶಿ ಪುಸ್ತಕ ಇವೆ. ನನ್ನ ಮಾತು ಹೆಚ್ಚಾಗಿ ಬಾದಲ್ ಬಗ್ಗೆ. (ವಯಸ್ಸಲ್ಲಿ ನನ್ನ ತಾತನ ಸಮಾನ. ಏಕವಚನ ಬಳಸುತ್ತಿರೋದು ಸಲಿಗೆಗೆ, ಉದ್ಧಟತನಕ್ಕಲ್ಲ.)

ಅವನ ಪೂರ್ತಿ ಹೆಸರು ಅಮರೇಂದ್ರ ರಾಯ್ ಚೌಧುರಿ. ಹುಟ್ಟಿದ್ದು 1939ರಲ್ಲಿ, ಬಂಗಾಳದ ಕೊಮಿಲ್ಲಾದಲ್ಲಿ. ದೇಶ ಒಡೆದಾಗ ಆ ಊರು ಪೂರ್ವ ಪಾಕಿಸ್ತಾನಕ್ಕೆ ಹೋಯಿತು, 1971ರಲ್ಲಿ ಬಾಂಗ್ಲಾದೇಶ ಆಯಿತು. ಬಾದಲ್ ಅಂದರೆ ಮೋಡ. ಮನೆಯಲ್ಲಿ ಕರೆದ ಹೆಸರೇ ಜಗತ್ತಿಗೂ ಉಳಿಯಿತು. ತಬಲ ಕಲಿತದ್ದು ಸೋದರಮಾವನಿಂದ ಅಷ್ಟಿಷ್ಟು, ಉಳಿದದ್ದು ತಾನೇ. ಆಮೇಲೆ ಅಲ್ಲಾ ರಖಾ ಹತ್ತಿರವೂ ಸ್ವಲ್ಪ ಪಾಠ ಆಗಿದೆ. ಆದರೆ ಯಾವ ಘರಾನೆಯೂ ಇವನು ನಮ್ಮ ಮಗ ಅಂತ ಎದೆ ತಟ್ಟಿಕೊಂಡಿಲ್ಲ. 1963ರಲ್ಲಿ ಡ್ಯೂಕ್ ಎಲಿಂಗ್ಟನ್ ಪಾಕಿಸ್ತಾನಕ್ಕೆ ಬಂದಾಗ ಇವನು ಮೊದಲ ಸಲ ಜಾಝ್ ಕೇಳಿದ. ಎಲಿಂಗ್ಟನ್ನನ್ನು ಕಳಿಸಿದ್ದು ಅಮೆರಿಕದ ಸರ್ಕಾರ. ತನ್ನ ದಕ್ಷಿಣದ ಊರುಗಳಲ್ಲಿ ಬಿಳಿಯರ ಹೋಟೆಲಿನೊಳಗೆ ಕಾಲಿಡಲು ಬಿಡದ ಕರಿಯರನ್ನೇ ಅದು ಪರದೇಶಕ್ಕೆ ತನ್ನ ರಾಯಭಾರಿ ಮಾಡಿ ಕಳಿಸುತ್ತಿತ್ತು. ಜಯಂತಿಯ ದಿನ ಮಾತ್ರ ನಮ್ಮ ಕೇರಿಯ ಹುಡುಗರನ್ನು ಹುಡುಕಿಕೊಂಡು ಬಂದು ವೇದಿಕೆ ಹತ್ತಿಸುತ್ತಾರಲ್ಲ, ಹಾಗೆ.

1968ರಲ್ಲಿ ಬಾದಲ್ ನ್ಯೂಯಾರ್ಕಿಗೆ ಹೋದ. ಹೋದದ್ದು ಸಂಗೀತಕ್ಕಲ್ಲ, ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವುದಕ್ಕೆ. ಜೇಬಲ್ಲಿ ಎಂಟು ಡಾಲರ್ ಇತ್ತು ಅಂತ ಅವನೇ ಹೇಳಿಕೊಂಡಿದ್ದಾನೆ. ಹೊಟ್ಟೆಪಾಡಿಗೆ ಇಂಡಿಯನ್ ಹೋಟೆಲುಗಳಲ್ಲಿ ತಟ್ಟೆ ಎತ್ತಿದ, ಸಪ್ಲೈಯರ್ ಆದ. ರಾತ್ರಿ ಹೊತ್ತು ಗಿರಾಕಿಗಳು ಉಣ್ಣುತ್ತಿರುವಾಗ ಮೂಲೆಯಲ್ಲಿ ಕೂತು ತಬಲ ಬಾರಿಸಿದ. ಗ್ರೀನಿಚ್ ವಿಲೇಜಿನ ಅಂಥ ಒಂದು ಹೋಟೆಲಿಗೆ ಬರುತ್ತಿದ್ದ ಇಂಗ್ಲಿಷ್ ಗಿಟಾರಿನವನು ಜಾನ್ ಮೆಕ್‌ಲಾಫ್ಲಿನ್ ಒಂದು ದಿನ ಗಿಟಾರು ತೆಗೆದು ಜೊತೆಗೆ ಕೂತ. 1971ರ 'ಮೈ ಗೋಲ್ಸ್ ಬಿಯಾಂಡ್' ರೆಕಾರ್ಡಿಗೆ ಇವನನ್ನೂ ಕರೆದ. ಮೈಲ್ಸ್ ಡೇವಿಸ್ ಕಿವಿಗೆ ಬಾದಲ್ ಬಿದ್ದದ್ದೂ ಮೆಕ್‌ಲಾಫ್ಲಿನ್ ಮೂಲಕವೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬಾದಲ್ ರಾಯ್ ನಮ್ಮವನು ಅಂತ ಹೆಗಲ ಮೇಲೆ ಹೊತ್ತು ಮೆರೆಸುವ ಆಸೆ ನನಗಿಲ್ಲ. ರಾಯ್ ಚೌಧುರಿ ಅನ್ನೋದು ಜಮೀನುದಾರಿಕೆಯ ಬಿರುದು. ಕೇರಿಯಿಂದ ಬಂದವನಲ್ಲ. ಹಡಗು, ವಿಮಾನ ಹತ್ತಿ ಪಿಎಚ್.ಡಿ. ಮಾಡಲು ಹೋಗುವ ಮನೆತನ ನಮ್ಮ ತಂದೆ ತಾಯಿಗಳದಾಗಿರಲಿಲ್ಲ. ಆದರೂ ನ್ಯೂಯಾರ್ಕಿನಲ್ಲಿ ತಟ್ಟೆ ಎತ್ತಿದ ಆ ಮೂರು ನಾಲ್ಕು ವರ್ಷ ಅವನ ಬೆರಳಿಗೆ ಏನೋ ಮಾಡಿದೆ. ಘರಾನೆಯ ಸರ್ಟಿಫಿಕೇಟು ಇಲ್ಲದಿರೋದು ಅವನಿಗೆ ಕೊರತೆ ಆಗಲಿಲ್ಲ, ಬಿಡುಗಡೆ ಆಯಿತು. ಕಾಯಬೇಕಾದ ಮನೆ ಇದ್ದವನು ಬೀದಿಗೆ ಇಳಿಯಲು ಹತ್ತು ಸಲ ಯೋಚಿಸುತ್ತಾನೆ. ಬಾದಲ್‌ಗೆ ಕಾಯುವುದಕ್ಕೆ ಏನೂ ಇರಲಿಲ್ಲ.

ಸ್ಟುಡಿಯೋದಲ್ಲಿ ನಡೆದದ್ದನ್ನು ಬಾದಲ್ ಮುಂದೆ ಎಷ್ಟೋ ಸಲ ಹೇಳಿದ್ದಾನೆ. ಹರ್ಬಿ ಹ್ಯಾನ್ಕಾಕ್, ಚಿಕ್ ಕೊರಿಯಾ, ಡ್ರಮ್ಸಿನ ಜ್ಯಾಕ್ ಡಿಜಾನೆಟ್ ಅಂಥ ಘಟಾನುಘಟಿಗಳು ತುಂಬಿದ ಕೋಣೆ. ಇವನಿಗೆ ಏನು ಬಾರಿಸಬೇಕು ಅಂತಲೇ ಗೊತ್ತಿಲ್ಲ. ಕಾಗದ ಇಲ್ಲ, ರಾಗ ಇಲ್ಲ, ಮೊದಲೇ ಕೂಡಿ ಬಾರಿಸಿ ನೋಡಿದ್ದೂ ಇಲ್ಲ. ಮೈಲ್ಸ್ ಇವನ ಕಡೆ ನೋಡಿ, ನೀನು ಶುರು ಮಾಡು ಅಂದ. ಬಾದಲ್ ತನಗೆ ತೋಚಿದ ಒಂದು ನಡೆ ಹಿಡಿದು ಸುತ್ತತೊಡಗಿದ. ಪಕ್ಕದಲ್ಲಿದ್ದ ಹ್ಯಾನ್ಕಾಕ್ ಸ್ವಲ್ಪ ಹೊತ್ತು ಕೇಳಿ, ತಲೆ ಹಾಕಿ, ಸೇರಿಕೊಂಡ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ನೀನು ಶುರು ಮಾಡು! ನಮ್ಮ ದೇಶದ ಸಂಗೀತ ಬಲ್ಲವರಿಗೆ ಈ ಮಾತಿನ ಭಾರ ಗೊತ್ತಾಗಬೇಕು. ಇಲ್ಲಿ ಚರ್ಮವಾದ್ಯ ಶುರು ಮಾಡೋದಿಲ್ಲ. ಕಾಯುತ್ತೆ. ಹಾಡುವವರು ಆಲಾಪ ಮುಗಿಸುವವರೆಗೆ ಕೈ ಕಟ್ಟಿ ಕೂತಿರುತ್ತೆ. ನಮ್ಮ ಕಡೆ ಅದಕ್ಕೆ ಇಟ್ಟ ಹೆಸರೇ ಪಕ್ಕವಾದ್ಯ. ಪಕ್ಕಕ್ಕೆ ಕೂರು ಅನ್ನೋದು ಹೆಸರಲ್ಲೇ ಇದೆ. ಉತ್ತರದಲ್ಲಿ ತಬಲದವನನ್ನು ತಬಲ್ಚಿ ಅಂತ ಹಗುರವಾಗಿ ಕರೆಯುತ್ತಿದ್ದ ಕಾಲ ಇತ್ತು. ಕುಣಿಯುವ ಹೆಂಗಸರ ಹಿಂದೆ ನಿಂತು ಬಾರಿಸುವವನು ಅನ್ನುವ ತಾತ್ಸಾರ ಆ ಮಾತಿನಲ್ಲಿತ್ತು. ರವಿಶಂಕರ್ ಜೊತೆ ಕೂತ ಅಲ್ಲಾ ರಖಾ ಆ ತಾತ್ಸಾರವನ್ನು ಬಹಳಷ್ಟು ಒರೆಸಿಹಾಕಿದ, ಒಪ್ಪೋಣ. ಆದರೂ ತನಿ ಆವರ್ತನ ಶುರುವಾದ ಕೂಡಲೇ ಸಭಿಕರು ಕ್ಯಾಂಟೀನಿಗೆ ಎದ್ದು ಹೋಗೋದನ್ನ ನೀವೂ ಕಂಡಿರುತ್ತೀರಿ. ಅಂಥ ವಾದ್ಯಕ್ಕೆ ಮೈಲ್ಸ್ ಮೊದಲ ಮಾತು ಕೊಟ್ಟ. ಅದೂ ಒಬ್ಬ ಹೋಟೆಲ್ ಸಪ್ಲೈಯರನ ಕೈಗೆ.

ಇನ್ನೊಂದು ಮಾತನ್ನೂ ಮೈಲ್ಸ್ ಅವನಿಗೆ ಹೇಳಿದನಂತೆ. ಕರಿಯರನ್ನು ಬಯ್ಯಲು ಬಿಳಿಯರು ಬಳಸುವ ಆ ಕೆಟ್ಟ ಮಾತಿದೆಯಲ್ಲ, ಅದನ್ನೇ ಬಳಸಿ, ಅವರ ಹಾಗೆ ಬಾರಿಸು ಅಂದನಂತೆ. ಬಾದಲ್‌ಗೆ ಆ ಗಳಿಗೆಯಲ್ಲಿ ತಲೆ ಬುಡ ತಿಳಿಯಲಿಲ್ಲ. ನಮಗೆ ತಿಳಿಯುತ್ತೆ. ನಮ್ಮ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡಿರುವ ಊರುಗಳಲ್ಲಿ ಬೆಳೆದವರು ನಾವು. ಆ ಬೈಗುಳವನ್ನು ಕಿತ್ತುಕೊಂಡು, ಇದು ನನ್ನ ಕಲೆಯ ಹೆಸರು, ಕಲಿಯೋದಾದರೆ ಇದನ್ನ ಕಲಿ ಅಂತ ಚೌಧುರಿ ಮನೆತನದ ಹುಡುಗನ ಕೈಗೆ ಕೊಟ್ಟರೆ ಹೇಗಿರುತ್ತೆ! ಸಮಾನತೆಯ ಭಾಷಣ ಕೇಳಿ ಕೇಳಿ ಸಾಕಾಗಿದೆ. ಇಲ್ಲಿ ಮೇಲಿನವನು ಕೆಳಗಿನವನ ನಡೆ ಕಲಿಯಬೇಕಾಗಿ ಬಂತು.

ಸಂಗೀತ ಹೇಗಿದೆ ಅಂತ ಕೇಳುತ್ತೀರಿ. ಮೊದಲ ಸಲ ನನಗೂ ಕಿರಿಕಿರಿ ಆಯಿತು. ರೆಕಾರ್ಡಿಗೆ ಬಾಗಿಲೇ ಇಲ್ಲ. ಶುರುವಾಗುವುದೇ ನಡುವಿನಿಂದ. ಓಡುತ್ತಿರುವ ಬಸ್ಸಿನ ಹಿಂದಿನ ಮೆಟ್ಟಿಲಿಗೆ ನೇತುಬಿದ್ದ ಹಾಗೆ ಕೇಳುಗ ಒಳಗೆ ಬೀಳುತ್ತಾನೆ. ಮೈಕೆಲ್ ಹೆಂಡರ್ಸನ್ನನ ಬಾಸ್ ಗಿಟಾರು ಒಂದೇ ತುಣುಕನ್ನು ಹಿಡಿದು ಸುಮಾರು ಇಪ್ಪತ್ತು ನಿಮಿಷ ಬಿಡುವುದಿಲ್ಲ. ಅದರ ಮೇಲೆ ಎರಡು ಮೂರು ಜೊತೆ ಡ್ರಮ್ಸು, ಕೊಂಗಾ, ತಬಲ, ಮೂರು ಕೀಬೋರ್ಡು. ಮೈಲ್ಸನ ಟ್ರಂಪೆಟ್ಟನ್ನು ಹುಡುಕಬೇಕು. ವಿದ್ಯುತ್ತಿನ ಪೆಡಲಿಗೆ ಸಿಕ್ಕಿಸಿದ ಅದು ಅಳುವ ಮಗುವಿನ ಹಾಗೆ, ಸಂತೆಯಲ್ಲಿ ಯಾರೋ ಯಾರನ್ನೋ ಕೂಗಿದ ಹಾಗೆ ಅಲ್ಲಲ್ಲಿ ಕೇಳಿ ಮರೆಯಾಗುತ್ತೆ. ಯಜಮಾನನೇ ಗುಂಪಿನಲ್ಲಿ ಕಳೆದುಹೋಗಿದ್ದಾನೆ. ಟೇಪುಗಳನ್ನು ಕತ್ತರಿಸಿ ಜೋಡಿಸಿದವನು ತಿಯೋ ಮಸೀರೊ. ಅವನ ಕತ್ತರಿಯ ಗುರುತೂ ಉಳಿದಿದೆ.

ತಬಲ ಚೆನ್ನಾಗಿ ಕೇಳಬೇಕಾದರೆ 'ಬ್ಲ್ಯಾಕ್ ಸ್ಯಾಟಿನ್' ಅನ್ನುವ ಐದು ನಿಮಿಷದ ತುಣುಕಿನಿಂದ ಶುರು ಮಾಡಿ. ಮೊದಲಿಗೆ ತಬಲ ಮತ್ತು ವಿದ್ಯುತ್ ಸಿತಾರ್ ಮಾತ್ರ, ಇನ್ನೂ ನಿದ್ದೆಗಣ್ಣಲ್ಲಿರುವ ಹಾಗೆ. ಹಿಂದೂಸ್ತಾನಿ ಕಛೇರಿಗೆ ಬಂದೆವೇನೋ ಅನ್ನಿಸುವಷ್ಟರಲ್ಲಿ ಚಪ್ಪಾಳೆ, ಗೆಜ್ಜೆಯಂಥ ಗಂಟೆ, ಬಾಸು ನುಗ್ಗಿ ಆ ಕಛೇರಿಯನ್ನು ಎತ್ತಿ ಬೀದಿಗೆ ಹಾಕುತ್ತವೆ. ಚಪ್ಪಾಳೆಯಾದರೂ ನೆಟ್ಟಗಿಲ್ಲ. ಒಂದರ ಮೇಲೊಂದು ಬಿದ್ದು, ಕೋಲಾಟದಲ್ಲಿ ಎರಡು ಸಾಲು ಅಡ್ಡಾದಿಡ್ಡಿ ಹಾದಂತೆ ಹೋಗುತ್ತೆ. ಇದರೊಳಗೆ ಬಾದಲ್ ಮಾಡುವುದು ಬಹಳ ಸಣ್ಣ ಕೆಲಸ. ಅವನು ಕಾಯಿದೆ, ರೇಲಾ ಅಂತ ವಿದ್ಯೆ ತೋರಿಸುವುದಿಲ್ಲ. ತಿಹಾಯಿ ಹಾಕಿ ಸಮ್‌ಗೆ ಬಂದು ಭುಜ ಕುಣಿಸುವುದಿಲ್ಲ. ಒಂದು ಸಣ್ಣ ನಡೆ ಹಿಡಿಯುತ್ತಾನೆ, ಅದನ್ನೇ ತಿರುಗಿಸುತ್ತಾನೆ, ಎಲ್ಲೋ ಒಂದು ಬೆರಳು ಬದಲಿಸುತ್ತಾನೆ, ಮತ್ತೆ ತಿರುಗಿಸುತ್ತಾನೆ. ಎಡಗೈಯ ಡಗ್ಗ ಬಾಸ್ ಗಿಟಾರಿನ ಹೊಟ್ಟೆಯೊಳಗೆ ಸೇರಿ ಗುಮ್ಮೆನ್ನುತ್ತೆ. ನಾಟಿ ಹಾಕುವ ಹೆಂಗಸರ ಕೈ ನೋಡಿ. ಒಂದೇ ಕೆಲಸ, ಸಾವಿರ ಸಲ, ಆದರೆ ಒಂದು ಸಲ ಇದ್ದಂತೆ ಇನ್ನೊಂದು ಇರೋದಿಲ್ಲ.

ಇದನ್ನು ಕೇಳಿ ಆ ಹಿರಿಯರು 'ಇದರಲ್ಲಿ ಬೆಳವಣಿಗೆ ಎಲ್ಲಿದೆ' ಅಂತಲೂ ಕೇಳಿದ್ದರು. ವಿಲಂಬಿತದಿಂದ ದ್ರುತಕ್ಕೆ, ಕೆಳಗಿನಿಂದ ಮೇಲಕ್ಕೆ, ಮೆಟ್ಟಿಲು ಹತ್ತಿ ಗೋಪುರ ಮುಟ್ಟಿದರೇ ಸಂಗೀತ ಅಂತ ಕಲಿತವರಿಗೆ ಇಲ್ಲಿ ಏನೂ ಬೆಳೆಯುವುದಿಲ್ಲ. ಇಲ್ಲಿ ಗೋಪುರ ಇಲ್ಲ. ನೆಲ ಇದೆ. ಆ ನೆಲದ ಮೇಲೆ ಎಷ್ಟು ಜನ ಒಟ್ಟಿಗೆ ನಿಲ್ಲಬಹುದು ಅನ್ನುವುದೇ ಪ್ರಶ್ನೆ. ನಮ್ಮ ತಮಟೆ ಮೇಳದ ಬಗ್ಗೆಯೂ ಪಂಡಿತರು ಇದೇ ಮಾತು ಆಡಿಕೊಂಡು ಬಂದಿದ್ದಾರೆ. ಗದ್ದಲ, ಒಂದೇ ಸಮ, ಶಾಸ್ತ್ರ ಇಲ್ಲ. ನ್ಯೂಯಾರ್ಕಿನ ಜಾಝ್ ವಿಮರ್ಶಕರಲ್ಲಿ ಬಹಳ ಜನ 1972ರಲ್ಲಿ 'ಆನ್ ದ ಕಾರ್ನರ್'ಗೆ ಅಂದದ್ದೂ ಹೆಚ್ಚು ಕಡಿಮೆ ಇದನ್ನೇ. ಪಂಡಿತರಿಗೆ ದೇಶ ಇಲ್ಲ.

ಮೈಲ್ಸ್ ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಅನ್ನೋದನ್ನೂ ನೋಡಬೇಕು. ಅವನು ಬಡವನ ಮಗನಲ್ಲ. ತಂದೆ ಹಲ್ಲಿನ ಡಾಕ್ಟರು, ಜಮೀನು ಇತ್ತು. ಆದರೆ ಹಣ ಚರ್ಮದ ಬಣ್ಣ ಮುಚ್ಚಲಿಲ್ಲ. 1959ರ ಆಗಸ್ಟಿನಲ್ಲಿ, ಅವನ ಅತಿ ಹೆಸರಾದ 'ಕೈಂಡ್ ಆಫ್ ಬ್ಲೂ' ಹೊರಬಂದ ಅದೇ ತಿಂಗಳು, ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಕಾರ್ಯಕ್ರಮದ ನಡುವೆ ಹೊರಗೆ ಬಂದು ಸಿಗರೇಟು ಸೇದುತ್ತಾ ನಿಂತಿದ್ದವನನ್ನು ಪೊಲೀಸರು ತಲೆ ಒಡೆದು ರಕ್ತ ಸುರಿಸಿ ಎಳೆದೊಯ್ದರು. ಬಾಗಿಲ ಮೇಲೆ ಅವನದೇ ಹೆಸರಿನ ಬೋರ್ಡಿತ್ತು. 1970ರ ಹೊತ್ತಿಗೆ ಅವನ ಕಛೇರಿಗೆ ಬರುತ್ತಿದ್ದವರು ಹೆಚ್ಚಾಗಿ ಬಿಳಿಯರು. ಹಾರ್ಲೆಮ್ಮಿನ ಹುಡುಗರು ಜೇಮ್ಸ್ ಬ್ರೌನ್, ಸ್ಲೈ ಸ್ಟೋನ್ ಕೇಳುತ್ತಿದ್ದರು. ಆ ಹುಡುಗರು ಬೇಕು ಅಂತ ಮಾಡಿದ ರೆಕಾರ್ಡು ಇದು. ಹೊದಿಕೆಯ ಮೇಲೆ ಕಾರ್ಕಿ ಮೆಕಾಯ್ ಬರೆದ ಚಿತ್ರದಲ್ಲೂ ಅವರೇ ಬೀದಿ ಮೂಲೆಯಲ್ಲಿ ನಿಂತಿದ್ದಾರೆ. ಆದರೆ ಹುಡುಗರು ಅವತ್ತು ಕೊಳ್ಳಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ, ಹಿಪ್-ಹಾಪ್ ಕಾಲದ ಹುಡುಗರು ಹುಡುಕಿಕೊಂಡು ಬಂದರು.

ಅದೇ 1972ರಲ್ಲಿ ಬೊಂಬಾಯಿಯಲ್ಲಿ ನಾಮದೇವ ಢಸಾಳ್ ಮತ್ತು ಗೆಳೆಯರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನ ಮೇಲೆ ದಲಿತ್ ಪ್ಯಾಂಥರ್ಸ್ ಕಟ್ಟಿದರು. ಕಾಮಾಟಿಪುರದ ಬೀದಿ ಮೂಲೆಗಳನ್ನು ಕಾವ್ಯಕ್ಕೆ ತಂದ 'ಗೋಲ್‌ಪೀಠಾ' ಬಂದದ್ದೂ ಅದೇ ವರ್ಷ. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ. ಎರಡಕ್ಕೂ ಗಂಟು ಹಾಕುವುದು ನನ್ನ ಉದ್ದೇಶ ಅಲ್ಲ. ಆದರೆ ಆ ವರ್ಷ ಅಂತ ಕೇಳಿದರೆ ನನ್ನ ಕಿವಿಯಲ್ಲಿ ಎರಡೂ ಒಟ್ಟಿಗೆ ಬಾರಿಸುತ್ತವೆ.

ಕರಿಯರ ಸಂಗೀತದಲ್ಲಿ ಚರ್ಮಕ್ಕೆ ಒಂದು ಚರಿತ್ರೆ ಇದೆ. 1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೊ ನದಿಯ ಹತ್ತಿರ ಗುಲಾಮರು ಡೋಲು ಬಾರಿಸಿಕೊಂಡು ದಂಗೆ ಎದ್ದರು. ಮರುವರ್ಷವೇ ಬಿಳಿಯ ಒಡೆಯರು ಕಾನೂನು ಮಾಡಿ ಗುಲಾಮರು ಡೋಲು, ಕೊಂಬು ಇಟ್ಟುಕೊಳ್ಳಬಾರದು ಅಂದರು. ಡೋಲಿಗೆ ಭಾಷೆ ಇದೆ, ಅದು ಸುದ್ದಿ ಮುಟ್ಟಿಸುತ್ತೆ ಅನ್ನುವುದು ಒಡೆಯರಿಗೆ ತಿಳಿದಿತ್ತು. ನ್ಯೂ ಆರ್ಲಿಯನ್ಸಿನ ಕಾಂಗೊ ಚೌಕದಲ್ಲಿ ಮಾತ್ರ ಭಾನುವಾರ ಭಾನುವಾರ ಗುಲಾಮರು ಕೂಡಿ ಬಾರಿಸಿ ಕುಣಿಯುವುದು ಉಳಿದಿತ್ತು. ಜಾಝ್ ಹುಟ್ಟಿದ ಊರು ಅದೇ. ನಮ್ಮಲ್ಲಿ ಒಡೆಯರು ಡೋಲು ಕಿತ್ತುಕೊಳ್ಳಲಿಲ್ಲ, ಬಾರಿಸಲೇಬೇಕು ಅಂದರು. ಸಾವಿಗೆ ಬಾರಿಸು, ಜಾತ್ರೆಗೆ ಬಾರಿಸು, ಗುಡಿಯ ಹೊರಗೆ ನಿಂತು ಬಾರಿಸು. ಅಲ್ಲಿ ಬಾರಿಸುವುದು ಬಂಡಾಯ, ಇಲ್ಲಿ ಬಾರಿಸಲ್ಲ ಅನ್ನುವುದು ಬಂಡಾಯ. ಇಷ್ಟು ಅಂತರ ಗೊತ್ತಿಲ್ಲದೆ ಅವರನ್ನೂ ನಮ್ಮನ್ನೂ ಒಂದೇ ಗೂಟಕ್ಕೆ ಕಟ್ಟುವ ಲೇಖನಗಳು ನಮ್ಮ ಕಡೆಯೇ ಬರುತ್ತಿವೆ. ಬೇಸರ ಆಗುತ್ತೆ.

ಬಾದಲ್ ಮಾಡಿದ್ದರ ಬೆಲೆ ತಿಳಿಯಬೇಕಾದರೆ ಅವತ್ತು ಅಮೆರಿಕದಲ್ಲಿ ನಡೆಯುತ್ತಿದ್ದ ಇನ್ನೊಂದು ವ್ಯಾಪಾರದ ಪಕ್ಕದಲ್ಲಿ ಇಟ್ಟು ನೋಡಬೇಕು. 1967ರಲ್ಲಿ ಮಾಂಟೆರೆಯಲ್ಲಿ, 1969ರಲ್ಲಿ ವುಡ್‌ಸ್ಟಾಕಿನಲ್ಲಿ ರವಿಶಂಕರ್ ನುಡಿಸಿದ ಮೇಲೆ ಸಿತಾರ್ ಅಂದರೆ ಊದುಬತ್ತಿ, ಸಿತಾರ್ ಅಂದರೆ ಗುರು, ಸಿತಾರ್ ಅಂದರೆ ಶಾಂತಿ ಅಂತ ಆಗಿಹೋಯಿತು. ಹುಡುಗರ ಈ ಹುಚ್ಚು ರವಿಶಂಕರಿಗೇ ಹಿಡಿಸಲಿಲ್ಲ ಅನ್ನುವುದು ಬೇರೆ ಮಾತು. ಮೆಕ್‌ಲಾಫ್ಲಿನ್ ಕೂಡ ಶ್ರೀ ಚಿನ್ಮೊಯ್ ಶಿಷ್ಯನಾಗಿ ಬಿಳಿ ಬಟ್ಟೆ ತೊಟ್ಟ. ಅವನ 'ಶಕ್ತಿ' ತಂಡದಲ್ಲಿ ಝಾಕಿರ್ ಹುಸೇನ್, ವಿನಾಯಕರಾಮ್ ಅಂಥ ಅಸಾಧಾರಣ ಕೈಗಳಿದ್ದವು. ಕೇಳಿದರೆ ಮೈ ಜುಮ್ಮೆನ್ನುತ್ತೆ, ಸುಳ್ಳು ಹೇಳಲಾರೆ. ಆದರೆ ಅದು ಮೇಲಿನವರು ಮೇಲಿನವರ ಕೈ ಕುಲುಕಿದ್ದು. ಭಾರತ ಅಂದರೆ ಧ್ಯಾನ ಅಂತ ನಂಬಿ ಬಂದ ಬಿಳಿಯನಿಗೆ ನಾವು ಅದನ್ನೇ ಪೊಟ್ಟಣ ಕಟ್ಟಿ ಮಾರಿದೆವು. ಆ ಧ್ಯಾನ ನಡೆಯುವಾಗ ಅಂಗಳ ಗುಡಿಸಿದವರು ಯಾರು ಅಂತ ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. 'ಆನ್ ದ ಕಾರ್ನರ್'ನಲ್ಲಿ ತಬಲ ಇದೆ, ಊದುಬತ್ತಿ ಇಲ್ಲ. ಈ ತಬಲ ಬೆವರುತ್ತೆ.

ಸಿತಾರಿನ ಬಗ್ಗೆ ಇದೇ ಮಾತು ಹೇಳಲಾರೆ. ಕಾಲಿನ್ ವಾಲ್ಕಾಟ್ ಮತ್ತು ಖಲೀಲ್ ಬಾಲಕೃಷ್ಣ ಅದನ್ನು ನುಡಿಸಿದ್ದಾರೆ. ವಾಲ್ಕಾಟ್ ರವಿಶಂಕರ್ ಶಿಷ್ಯ. ಮುಂದೆ 'ಕೊಡೋನಾ' ತಂಡದಲ್ಲಿ ಡಾನ್ ಚೆರ್ರಿ, ಬ್ರೆಜಿಲ್ಲಿನ ನಾನಾ ವಾಸ್ಕೊನ್ಸೆಲೋಸ್ ಜೊತೆ ಬಹಳ ದೊಡ್ಡ ಕೆಲಸ ಮಾಡಿದವನು. ಆದರೆ ಈ ರೆಕಾರ್ಡಿನಲ್ಲಿ ಸಿತಾರ್ ಒಗ್ಗರಣೆಯಷ್ಟೇ. ಚುಂಯ್ ಅಂದು ಘಮ ಬಂದು ಹೋಗುತ್ತೆ. ಅದಿಲ್ಲದಿದ್ದರೂ ಸಾರು ಸಾರೇ. ತಬಲ ತೆಗೆದರೆ ಮಾತ್ರ ನೆಲ ಅಲ್ಲಾಡುತ್ತೆ.

ಈಗ ನನಗೆ ನೋವಾದ ಜಾಗಕ್ಕೆ ಬರುತ್ತೇನೆ. 1972ರಲ್ಲಿ ಹೊರಬಂದ ಆ ರೆಕಾರ್ಡಿನ ಹೊದಿಕೆಯ ಮೇಲೆ ವಾದ್ಯಗಾರರ ಹೆಸರುಗಳೇ ಇರಲಿಲ್ಲ. ಮೈಲ್ಸ್ ಒಬ್ಬನ ಹೆಸರು, ಚಿತ್ರ, ಅಷ್ಟೇ. ವಿಮರ್ಶಕರನ್ನು ಸತಾಯಿಸಲು ಮೈಲ್ಸೇ ಹೀಗೆ ಮಾಡಿದ ಅಂತ ಹೇಳುವವರಿದ್ದಾರೆ. ಇರಬಹುದು. ಎಲ್ಲ ರಚನೆಗಳೂ ಅವನ ಹೆಸರಿನಲ್ಲೇ ಇವೆ. ಯಾರನ್ನು ನೋಡಿ ನೀನು ಶುರು ಮಾಡು ಅಂದಿದ್ದನೋ ಅವನ ಹೆಸರು ಆ ರಟ್ಟಿನ ಮೇಲೆ ಒಂದು ಸಾಲು ಇಲ್ಲ. ಪೊಲೀಸಿನವನ ಲಾಠಿ ತಿಂದವನೂ ಒಡೆಯ ಆಗಿಬಿಡಬಲ್ಲ. ಮೈಲ್ಸನನ್ನು ಮೆಚ್ಚುವ ನಾನು ಈ ಮಾತನ್ನು ಮೆಚ್ಚಿಗೆಯ ಕೆಳಗೆ ಬಚ್ಚಿಡಲಾರೆ.

ಹೆಸರಿನ ಈ ಸಾಲು ಅಲ್ಲಿಗೇ ನಿಲ್ಲುವುದಿಲ್ಲ. ಬಾದಲ್ ಹೆಸರಾದರೂ ಆಮೇಲೆ ಸೇರಿತು. ಆ ತಬಲದ ಮುಚ್ಚಿಗೆ ಹೊಲಿದವನ ಹೆಸರು? ಟಿ.ಎಂ. ಕೃಷ್ಣ ಮೃದಂಗ ಮಾಡುವವರ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ಬರೆದು, ಮಡಿಯ ವಿದ್ವಾಂಸರ ತೊಡೆಯ ಮೇಲಿನ ಮೃದಂಗ ಹೆಚ್ಚಾಗಿ ದಲಿತ ಕ್ರೈಸ್ತರ ಕೈಯಲ್ಲಿ ಹುಟ್ಟುತ್ತದೆ, ಅದಕ್ಕೆ ಹಸುವಿನ ಚರ್ಮವೂ ಬೇಕು ಅಂತ ತೆರೆದಿಟ್ಟ. 2020ರಲ್ಲಿ ಅದರ ಬಿಡುಗಡೆಗೆ ಮದರಾಸಿನ ಕಲಾಕ್ಷೇತ್ರ ಮೊದಲು ಜಾಗ ಕೊಟ್ಟು ಆಮೇಲೆ ಇಲ್ಲ ಅಂದಿತು. ಚರ್ಮ ಬೇಕು, ಚರ್ಮದ ಮಾತು ಬೇಡ.

ಬೇರೆಯವರ ಕಡೆ ಬೆರಳು ತೋರಿಸಿದ್ದು ಸಾಕು. ನಮ್ಮ ಜಾಥಾಗಳ ಕರಪತ್ರ ತೆಗೆದು ನೋಡಿ. ಉದ್ಘಾಟಕರ ಹೆಸರಿದೆ, ಅಧ್ಯಕ್ಷರ ಹೆಸರಿದೆ, ಕವಿಗಳ ಹೆಸರು ಒಂದಡಿ ಉದ್ದ. ಕೊನೆಗೆ 'ತಮಟೆ ತಂಡದವರಿಂದ ತಮಟೆ ವಾದನ'. ತಂಡದವರು ಯಾರು? ನಾನೇ ಎರಡು ವರ್ಷದ ಹಿಂದೆ ಬರೆದ ಕರಪತ್ರದಲ್ಲಿ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸಿಕೊಂಡಿದ್ದೆ. ಅವತ್ತು ತಮಟೆ ಬಾರಿಸಿದ ನಾಲ್ವರಲ್ಲಿ ಒಬ್ಬರು ನಮ್ಮ ದೊಡ್ಡಪ್ಪ. ಅವರು ಓದು ಬಾರದವರು, ಕರಪತ್ರ ಕೈಯಲ್ಲಿ ಹಿಡಿದು ನನ್ನ ಹೆಸರು ಎಲ್ಲಿದೆ ತೋರಿಸು ಮಗ ಅಂದರು. ತೋರಿಸಿದೆ. ಅವರ ಹೆಸರು 'ಎಲ್ಲಿ' ಅಂತ ಅವರು ಕೇಳಲಿಲ್ಲ.

ಮೈಲ್ಸ್ ತಂಡದಲ್ಲಿ ಬಾದಲ್ ಬಹುಕಾಲ ಇರಲಿಲ್ಲ. 1972ರ ಸೆಪ್ಟೆಂಬರಿನ ಫಿಲ್ಹಾರ್ಮೊನಿಕ್ ಹಾಲಿನ ಕಛೇರಿ ರೆಕಾರ್ಡಿನಲ್ಲಿದೆ, 'ಬಿಗ್ ಫನ್', 'ಗೆಟ್ ಅಪ್ ವಿತ್ ಇಟ್'ನಲ್ಲಿ ಅವನ ಕೈ ಇದೆ. ಫೇರೋ ಸ್ಯಾಂಡರ್ಸ್, ಡೇವ್ ಲೀಬ್‌ಮನ್, ಲಾನಿ ಲಿಸ್ಟನ್ ಸ್ಮಿತ್ ಜೊತೆ ಬಾರಿಸಿದ. ಆಮೇಲಾಮೇಲೆ ಒಂದು ಜೊತೆ ತಬಲ ಸಾಲದೆ ಬೇರೆ ಬೇರೆ ಸ್ವರಕ್ಕೆ ಶ್ರುತಿ ಮಾಡಿದ ತಬಲಗಳನ್ನು ಸಾಲಾಗಿ ಮುಂದೆ ಹರಡಿಕೊಂಡು, ಎರಡು ಡಗ್ಗ ಇಟ್ಟುಕೊಂಡು ಬಾರಿಸತೊಡಗಿದ. ತಬಲಕ್ಕೆ ಹಾಡು ಬಂತು. ಇದು ಹೊಸದು, ಅದರಲ್ಲಿ ಅನುಮಾನ ಇಲ್ಲ. ಆದರೆ 'ಏಷ್ಯಾ' ಅಂತ ಹಣೆಪಟ್ಟಿ ಹಚ್ಚಿಕೊಂಡು ಕೊಳಲಿನ ಜೊತೆ ಮಾಡಿದ ಕೆಲವು ರೆಕಾರ್ಡುಗಳು ನನ್ನ ಕಿವಿಗೆ ಸಪ್ಪೆ. ಹಿತವಾಗಿವೆ, ಕಾವಿಲ್ಲ. ಬೀದಿಯಿಂದ ಮತ್ತೆ ಹೋಟೆಲಿನ ಮೂಲೆಗೆ ವಾಪಸು ಹೋದ ಹಾಗೆ.

ಕಾವು ಮತ್ತೆ ಬಂದದ್ದು ಆರ್ನೆಟ್ ಕೋಲ್ಮನ್ ಜೊತೆ. ಟೆಕ್ಸಾಸಿನ ಬಡ ಕರಿಯರ ಮನೆಯ ಹುಡುಗ ಆರ್ನೆಟ್. ಎಳೆ ವಯಸ್ಸಿನಲ್ಲಿ ಲೂಯಿಸಿಯಾನಾದಲ್ಲಿ ಅವನ ಬಾರಿಸುವಿಕೆ ಹಿಡಿಸದೆ ಜನ ಹೊರಗೆಳೆದು ಹೊಡೆದು ಸ್ಯಾಕ್ಸೊಫೋನನ್ನೇ ಎಸೆದಿದ್ದರು. ರಾಗ, ಲಯ, ಮೇಳ ಇವುಗಳಲ್ಲಿ ಯಾವುದೂ ಇನ್ನೊಂದರ ಆಳಲ್ಲ, ಎಲ್ಲಕ್ಕೂ ಒಂದೇ ಹಕ್ಕು ಅನ್ನುವುದು ಅವನ ತತ್ವ. 'ಹಾರ್ಮೊಲೋಡಿಕ್ಸ್' ಅಂತ ಹೆಸರಿಟ್ಟ. ಅವನ 'ಪ್ರೈಮ್ ಟೈಮ್' ತಂಡದಲ್ಲಿ ಬಾದಲ್ ವರ್ಷಗಟ್ಟಲೆ ಇದ್ದ. 1995ರ 'ಟೋನ್ ಡಯಲಿಂಗ್' ಕೇಳಿ. ಅಲ್ಲಿ ಯುರೋಪಿನ ಬಾಖ್ ಬರುತ್ತಾನೆ, ರ‍್ಯಾಪ್ ಬರುತ್ತೆ, ತಬಲ ಇದ್ದೇ ಇರುತ್ತೆ. ಯಾರಿಗೂ ಯಾರೂ ಎದ್ದು ನಿಂತು ಜಾಗ ಬಿಡುವುದಿಲ್ಲ, ಯಾರೂ ಪಕ್ಕಕ್ಕೆ ಸರಿ ಅನ್ನುವುದೂ ಇಲ್ಲ. ಪಕ್ಕವಾದ್ಯ ಅನ್ನುವ ಮಾತಿಗೆ ಆ ಮನೆಯಲ್ಲಿ ಅರ್ಥವೇ ಇರಲಿಲ್ಲ.

'ಆನ್ ದ ಕಾರ್ನರ್' ಬಂದ ಹೊಸದರಲ್ಲಿ ಬಾದಲ್‌ಗೇ ಅದು ರುಚಿಸಲಿಲ್ಲ. ಒಂದು ಸಲ ಕೇಳಿ ಎತ್ತಿಟ್ಟನಂತೆ. ಎಷ್ಟೋ ವರ್ಷ ಆದ ಮೇಲೆ ಕಾಲೇಜಿಗೆ ಹೋಗುತ್ತಿದ್ದ ಮಗ ಬಂದು, ನನ್ನ ಗೆಳೆಯರೆಲ್ಲ ಇದನ್ನು ಕೇಳುತ್ತಾರೆ ಅಂದಾಗ ಮತ್ತೆ ಕೇಳಿದ. 2022ರ ಜನವರಿಯಲ್ಲಿ, 82ನೇ ವಯಸ್ಸಿನಲ್ಲಿ, ಕೊರೋನಾ ಅವನನ್ನು ಕೊಂಡೊಯ್ದಿತು.

ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನ ಕಿವಿಗೆ ಇಯರ್‌ಫೋನು ಸಿಕ್ಕಿಸಿ 'ಬ್ಲ್ಯಾಕ್ ಸ್ಯಾಟಿನ್' ಹಾಕಿದೆ. ಮೊದಲು ಸುಮ್ಮನಿದ್ದರು. ಆಮೇಲೆ ಮೊಣಕಾಲ ಮೇಲೆ ಎರಡು ಬೆರಳು ಆಡತೊಡಗಿದವು. ಮುಗಿದ ಮೇಲೆ, 'ಇಷ್ಟು ಜನ ಬಾರಿಸ್ತಾವ್ರೆ, ಒಬ್ರ ಮ್ಯಾಲೊಬ್ರು ಬೀಳ್ತಾ ಇಲ್ವಲ್ಲ ಮಗ' ಅಂದರು. 'ಆ ಸಣ್ಣ ಚರ್ಮ ಯಾರ್ದು?'

'ಬಾದಲ್ ರಾಯ್ ಅಂತ ದೊಡ್ಡಪ್ಪ, ಬಂಗಾಳದೋನು.'

'ಬಾರ್ಸ್ದೋನಲ್ಲ ಕಣೋ. ಕಟ್ಟಿದೋನು.'

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಓದುತ್ತಿರುವ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ನಿಮ್ಮ ನಿಮ್ಮ ಊರಲ್ಲಿ ತಮಟೆ, ಉರುಮೆ, ತಬಲ, ಮೃದಂಗಕ್ಕೆ ಚರ್ಮ ಹದ ಮಾಡಿ ಬಿಗಿಯುವವರು ಇದ್ದರೆ ಹೋಗಿ ಮಾತಾಡಿಸಿ. ಅವರು ಒಪ್ಪಿದರೆ ಮಾತ್ರ ಹೆಸರು, ಯಾವ ವಾದ್ಯ, ಯಾರಿಂದ ಕಲಿತದ್ದು ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ನಮ್ಮ ಊರಿನ ಕಾರ್ಡು ನಾನು ಈ ಲೇಖನದ ಜೊತೆಗೇ ಸಂಪಾದಕರಿಗೆ ಕಳಿಸುತ್ತಿದ್ದೇನೆ. ಅದರಲ್ಲಿ ನಾಲ್ಕು ಹೆಸರಿವೆ.